ಒಂದು ಕಾರ್ಡು ಎಬ್ಬಿಸಿದ ಗದ್ದಲ

ಊರು ಬಿಟ್ಟು ಮಹಾನಗರಕ್ಕೆ ಬಂದ ಮೊದಲ ವಾರ ಮನೆಗೆ ಏನೆಂದು ಬರೆದಿರಿ, ನೆನಪಿದೆಯೇ? ಗಲೀಜು, ನೂಕುನುಗ್ಗಲು, ಬಾಯಿಗೆ ಹಿಡಿಸದ ಊಟ... ಆ ಕಾಗದ ಪಕ್ಕದ ಮನೆಯವರ ಕೈಗೆ ಸಿಕ್ಕಿದ್ದರೆ? 1961ರಲ್ಲಿ ನೈಜೀರಿಯದಲ್ಲಿ ಹೆಚ್ಚುಕಡಿಮೆ ಹಾಗೇ ಆಯಿತು.

ಆ ವರ್ಷದ ಮಾರ್ಚ್ 1ರಂದು ಅಮೆರಿಕದ ಅಧ್ಯಕ್ಷ ಕೆನಡಿ 'ಪೀಸ್ ಕೋರ್' ಎಂಬ ಶಾಂತಿದಳವನ್ನು ಶುರುಮಾಡಿದರು. ಸ್ವಯಂಸೇವಕರು ಎರಡು ವರ್ಷ ಹೊರದೇಶದ ಜನರ ನಡುವೆ ಇದ್ದು ದುಡಿಯಬೇಕು. ಸಂಬಳವಿಲ್ಲ. ಅಲ್ಲಿನ ಖರ್ಚಿಗೆ ಒಂದಿಷ್ಟು ಹಣ. ತಿಂಗಳಿಗೆ 75 ಡಾಲರಿನಂತೆ ಕೂಡಿಟ್ಟದ್ದು ಊರಿಗೆ ಮರಳಿದ ಮೇಲೆ ಕೈಸೇರುತ್ತಿತ್ತು. ಆಗಸ್ಟ್ 30ರಂದು ಮೊದಲ ತಂಡ ಘಾನಾದಲ್ಲಿ ಇಳಿಯಿತು. ಅವರು ಬಂದದ್ದು ಪಾಠ ಹೇಳಲು. ಹೊಸದಾಗಿ ಸ್ವತಂತ್ರವಾದ ದೇಶಗಳಲ್ಲಿ ಶಾಲೆಗಳು ಹೆಚ್ಚುತ್ತಿದ್ದವು, ಮೇಷ್ಟರು ಸಾಲುತ್ತಿರಲಿಲ್ಲ.

ಅಕ್ಟೋಬರಿನಲ್ಲಿ ನೈಜೀರಿಯದ ಇಬಾದಾನ್‌ನಲ್ಲಿ ತರಬೇತಿ ಪಡೆಯುತ್ತಿದ್ದ 23 ವರ್ಷದ ಮಾರ್ಜರಿ ಮಿಶೆಲ್‌ಮೋರ್ ತಮ್ಮ ಗೆಳೆಯನಿಗೆ ಒಂದು ಕಾರ್ಡು ಬರೆದರು. ಊರಿನ ಕೊಳಕು, ಜನರ ತೀರಾ ಹಿಂದುಳಿದ ಬದುಕು ಕಂಡು ದಂಗಾದೆ ಎಂಬ ಅರ್ಥದ ಮಾತು ಅದರಲ್ಲಿತ್ತು. ಕಾರ್ಡು ಅಮೆರಿಕ ಸೇರಲಿಲ್ಲ. ಅಲ್ಲಿನ ವಿದ್ಯಾರ್ಥಿಯೊಬ್ಬರ ಕೈಸೇರಿತು. ಪ್ರತಿಗಳು ಕಾಲೇಜಿನ ತುಂಬ ಹರಿದಾಡಿದವು. ಇವರನ್ನೆಲ್ಲ ವಾಪಸು ಕಳಿಸಿ ಎಂದು ವಿದ್ಯಾರ್ಥಿಗಳು ಸಭೆ ಸೇರಿ ಕೂಗಿದರು. ಮಾರ್ಜರಿ ಕ್ಷಮೆ ಕೇಳಿ ಊರಿಗೆ ಮರಳಬೇಕಾಯಿತು.

ಕಂಡದ್ದನ್ನು ಬರೆದರೆ ತಪ್ಪೇನು ಎನ್ನುತ್ತೀರಾ? ನೈಜೀರಿಯ ಸ್ವತಂತ್ರವಾಗಿ ಆಗಷ್ಟೇ ಒಂದು ವರ್ಷ. 'ಹಿಂದುಳಿದವರು' ಎಂಬ ಮಾತನ್ನು ಬ್ರಿಟಿಷರಿಂದ ಕೇಳಿ ಕೇಳಿ ರೋಸಿದ್ದವರಿಗೆ ಕಲಿಸಲು ಬಂದವರೂ ಅದನ್ನೇ ಅಂದಾಗ ಗಾಯದ ಮೇಲೆ ಬರೆ ಎಳೆದಂತಾಯಿತು.

ಉಳಿದವರು ಅಲ್ಲೇ ನಿಂತರು, ಶಾಲೆಗಳಿಗೆ ಹೋದರು. ಮಣ್ಣಿನ ಗುಡಿಸಲಿನಲ್ಲಿರಲು ಸಿದ್ಧರಾಗಿ ಬಂದಿದ್ದ ಎಷ್ಟೋ ಮಂದಿಗೆ ಸಿಕ್ಕಿದ್ದು ಶಾಲೆಯ ಆವರಣದಲ್ಲೇ ಸಿಮೆಂಟಿನ ಮನೆ! ಕಷ್ಟ ಇದ್ದದ್ದು ಬೇರೆ ಕಡೆ. ಅವರ ಅಮೆರಿಕನ್ ಉಚ್ಚಾರ ಮಕ್ಕಳಿಗೆ ಅರ್ಥವಾಗುತ್ತಿರಲಿಲ್ಲ. ಪರೀಕ್ಷೆಯೋ, ಬ್ರಿಟಿಷ್ ಮಾದರಿಯದು. ಕಲಿಸಲು ಬಂದವರು ಮೊದಲು ಕಲಿಯಬೇಕಾಯಿತು.

ಶಾಂತಿದಳ ನಮ್ಮ ದೇಶಕ್ಕೂ ಬಂತು. 1961ರ ಡಿಸೆಂಬರಿನಲ್ಲಿ ಪಂಜಾಬಿನಿಂದ ಶುರುವಾದ ಕೆಲಸ 1976ರವರೆಗೆ ನಡೆಯಿತು. ಮುಂಬೈ ಕೇಳುಗರಿಗೆ ವಿಕ್ರೋಲಿ ಗೊತ್ತಲ್ಲ? 1966ರಲ್ಲಿ ಅಲ್ಲಿಗೆ ಬಂದವರು 68 ವರ್ಷದ ನರ್ಸ್ ಲಿಲಿಯನ್ ಕಾರ್ಟರ್. ಮುಂದೆ ಅಮೆರಿಕದ ಅಧ್ಯಕ್ಷರಾದ ಜಿಮ್ಮಿ ಕಾರ್ಟರ್ ಅವರ ತಾಯಿ. ಚಿಕಿತ್ಸಾಲಯದ ಕೆಲಸದ ನಡುವೆ ಒಬ್ಬ ಮಾಲಿಯ ಮಗಳಿಗೆ ಓದುಬರಹವನ್ನೂ ಕಲಿಸಿದರೆಂದು ಮಗ ಹೇಳಿಕೊಂಡಿದ್ದಾರೆ. ಆಕೆ ಮನೆಗೆ ಬರೆದ ಕಾಗದಗಳು 1977ರಲ್ಲಿ ಪುಸ್ತಕವಾಗಿ ಬಂದವು. ಬಡತನ, ರೋಗ, ದಣಿವು ಯಾವುದನ್ನೂ ಆಕೆ ಮುಚ್ಚಿಡಲಿಲ್ಲ. ಆದರೆ ಅದು ದಾರಿಹೋಕರ ಮಾತಲ್ಲ. ಸುಮಾರು ಎರಡು ವರ್ಷ ಆ ಜನರ ನಡುವೆ ಬಾಳಿದವರ ಮಾತು.

ಮಾರ್ಜರಿ ಕೆಟ್ಟವರಾಗಿರಲಿಲ್ಲ. ಎರಡನೆಯ ಕಾಗದ ಬರೆಯುವಷ್ಟು ದಿನ ಅವರಿಗೆ ಅಲ್ಲಿ ಸಿಗಲಿಲ್ಲ, ಅಷ್ಟೇ. ನಮಗೆ ಸಿಕ್ಕಿದೆ. ಊರಿಗೆ ಹೋದಾಗ ಅಟ್ಟದ ಮೇಲಿನ ಟ್ರಂಕಿನಲ್ಲಿ ನಿಮ್ಮ ಹಳೆಯ ಇನ್‌ಲ್ಯಾಂಡ್ ಪತ್ರಗಳಿದ್ದರೆ ತೆಗೆದು ನೋಡಿ. ಮೊದಲ ವಾರದ್ದನ್ನೂ ಮೂರನೆಯ ವರ್ಷದ್ದನ್ನೂ ಪಕ್ಕಪಕ್ಕ ಇಟ್ಟು ಓದಿ. ಬದಲಾದದ್ದು ಈ ನಗರವೋ, ನೀವೋ?