ಕೈಯಿಡುವ ದಿನದ ಹಿಂದೆ ಮುಂದೆ: ದೃಢೀಕರಣದ ಚರಿತ್ರೆಯಲ್ಲಿ ಸಭೆಯ ಹಿರಿಯರು

ಶಿಶುವಾಗಿದ್ದಾಗ ಹೆತ್ತವರು ತನ್ನ ಪರವಾಗಿ ಆಡಿದ ವಿಶ್ವಾಸದ ಮಾತನ್ನು ಹದಿಹರೆಯದಲ್ಲಿ ತಾನೇ ಸಭೆಯ ಮುಂದೆ ನಿಂತು ಹೇಳುವುದು, ಆಮೇಲೆ ಪ್ರಭುಭೋಜನದ ಪಂಕ್ತಿಗೆ ಸೇರುವುದು: ಪ್ರಾಟೆಸ್ಟೆಂಟ್ ಸಭೆಗಳಲ್ಲಿ ದೃಢೀಕರಣವೆಂದರೆ ಸ್ಥೂಲವಾಗಿ ಇದು. ಮೊದಲಿನಿಂದಲೂ ಇದು ಹೀಗಿರಲಿಲ್ಲ. ಆದಿಸಭೆಯಲ್ಲಿ ದೀಕ್ಷಾಸ್ನಾನ, ತೈಲಾಭಿಷೇಕ, ಪ್ರಭುಭೋಜನ ಮೂರೂ ಒಟ್ಟಿಗೆ ನಡೆಯುತ್ತಿದ್ದವು. ಪೂರ್ವದ ಆರ್ಥೊಡಾಕ್ಸ್ ಸಭೆಗಳು ಈಗಲೂ ಕೈಗೂಸಿಗೆ ಮೂರನ್ನೂ ಕೊಡುತ್ತವೆ. ಪಶ್ಚಿಮದಲ್ಲಿ ಅಭಿಷೇಕದ ಅಧಿಕಾರ ಬಿಷಪ್ಪರಲ್ಲೇ ಉಳಿಯಿತು. ಅವರು ಊರಿಗೆ ಬರುವುದು ಅಪರೂಪ. ಕಾಯುತ್ತ ಕಾಯುತ್ತ ಮಕ್ಕಳು ಬೆಳೆದರು. ದೀಕ್ಷಾಸ್ನಾನಕ್ಕೂ ಅಭಿಷೇಕಕ್ಕೂ ನಡುವಿನ ಅಂತರ ಹುಟ್ಟಿದ್ದು ಬಹುಮಟ್ಟಿಗೆ ಹೀಗೆ. ಅದಕ್ಕೆ ಅರ್ಥ ಹುಡುಕಿದ್ದು ಆಮೇಲೆ.

ಆ ಅರ್ಥವನ್ನು ಹುಡುಕಿದವರಲ್ಲಿ ಪ್ರಾಟೆಸ್ಟೆಂಟ್ ಸುಧಾರಕ ಮಾರ್ಟಿನ್ ಬುಟ್ಸರ್ ಮುಖ್ಯ. ಜರ್ಮನಿಯ ಹೆಸ್ಸೆಯಲ್ಲಿ ಅನಬ್ಯಾಪ್ಟಿಸ್ಟರು ಶಿಶುದೀಕ್ಷೆಯನ್ನೇ ಪ್ರಶ್ನಿಸುತ್ತಿದ್ದರು. ನಂಬಿಕೆ ಏನೆಂದು ಅರಿಯದ ಮಗುವಿಗೆ ದೀಕ್ಷೆ ಏಕೆ, ದೀಕ್ಷೆ ಪಡೆದವರ ನಡತೆಯನ್ನು ಕೇಳುವವರು ಯಾರು ಎಂಬುದು ಅವರ ಆಕ್ಷೇಪ. ಅರಸ ಫಿಲಿಪ್ ಕರೆಸಿಕೊಂಡ ಬುಟ್ಸರ್ 1538ರಲ್ಲಿ ಮಾರ್ಬುರ್ಗಿನಲ್ಲಿ ಅವರೊಂದಿಗೆ ವಾದಕ್ಕೆ ಕೂತರು. ಗೆದ್ದೆನೆಂದು ಬೀಗದೆ, ಎದುರಾಳಿಯ ಆಕ್ಷೇಪದಲ್ಲಿದ್ದ ಹುರುಳನ್ನು ಒಪ್ಪಿಕೊಂಡದ್ದು ಅವರ ದೊಡ್ಡತನ. ಅದೇ ವರ್ಷದ ಕೊನೆಗೆ ಸಿದ್ಧವಾದ ಜೀಗೆನ್‌ಹೈನ್ ಶಿಸ್ತುಕ್ರಮದಲ್ಲಿ ಅದರ ಫಲ ಕಾಣುತ್ತದೆ. ಮಕ್ಕಳು ಪ್ರಶ್ನೋತ್ತರ ಪಾಠಕ್ಕೆ ಬರುವಂತೆ ಸಭೆಯ ಹಿರಿಯರು ನೋಡಿಕೊಳ್ಳಬೇಕು. ಕಲಿತವರನ್ನು ದೊಡ್ಡ ಹಬ್ಬಗಳಂದು ಸಭೆಯೆದುರು ಪ್ರಶ್ನಿಸಿ, ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಬೇಕು. ಪಾಠ, ಪರೀಕ್ಷೆ, ಹಿರಿಯರ ಕಾಳಜಿ ಎಂಬ ಈ ಮೂರರಲ್ಲಿ ಮೊದಲೆರಡು ಬಾಳಿದವು. ಮೂರನೆಯದು ಸವೆಯಿತು.

ಸವೆತ ಎದ್ದು ಕಾಣುವುದು ಡೆನ್ಮಾರ್ಕ್-ನಾರ್ವೆಯಲ್ಲಿ. 1736ರಲ್ಲಿ ದೊರೆ ಆರನೆಯ ಕ್ರಿಶ್ಚಿಯನ್ ದೃಢೀಕರಣವನ್ನು ಕಡ್ಡಾಯ ಮಾಡಿದ. ಅದಿಲ್ಲದವರಿಗೆ ಮದುವೆಯೂ ಇಲ್ಲ. ಮರುವರ್ಷ ಪಾದ್ರಿ ಪೊಂಟೊಪಿಡನ್ ಇದಕ್ಕಾಗಿ ಬರೆದ ಪ್ರಶ್ನೋತ್ತರ ಪಠ್ಯದಲ್ಲಿ 759 ಪ್ರಶ್ನೆಗಳಿದ್ದವು. ಇದರಿಂದ ಹಳ್ಳಿಯ ಬಡವರ ಮಕ್ಕಳೂ ಓದು ಕಲಿತರು ನಿಜ, ಅದು ಸಣ್ಣ ಲಾಭವಲ್ಲ. ಆದರೆ ಹಿರಿಯರ ಕಾಳಜಿಯ ಜಾಗದಲ್ಲಿ ಕಾನೂನು ನಿಂತು, ವಿಶ್ವಾಸದ ಮಾತು ಸರಕಾರಿ ಅರ್ಹತಾಪತ್ರವಾಯಿತು.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿಗೆ ಬೇರೊಂದು ಹಿನ್ನೆಲೆಯಿತ್ತು. ಅದರ ಮಿಶನರಿಗಳಾದ ಮೋಗ್ಲಿಂಗ್, ಗುಂಡರ್ಟ್ ಮುಂತಾದವರ ತವರಾದ ವ್ಯುರ್ಟೆಂಬರ್ಗಿನಲ್ಲಿ ಪಯಟಿಸ್ಟ್ ಪಂಥ ಬಾಯಿಪಾಠಕ್ಕಿಂತ ಒಳಗಿನ ತಿರುವಿಗೆ ಬೆಲೆ ಕೊಟ್ಟಿತ್ತು. 1947ರಲ್ಲಿ ದಕ್ಷಿಣ ಭಾರತ ಸಭೆ ರೂಪುಗೊಂಡಾಗ ದೃಢೀಕರಣದಲ್ಲಿ ತಲೆಯ ಮೇಲಿಡುವ ಆಂಗ್ಲಿಕನ್ ಬಿಷಪ್ಪರ ಕೈಯೂ ಬಿಷಪ್ಪರಿಲ್ಲದ ಸಭೆಗಳ ಪಾಲಕರ ಕೈಯೂ ಒಂದೇ ಸಭೆಗೆ ಬಂದವು.

ಮಾನವಶಾಸ್ತ್ರಜ್ಞ ವಾನ್ ಗೆನ್ನೆಪ್ 1909ರಲ್ಲಿ ಹೇಳಿದಂತೆ, ಒಂದು ಸ್ಥಾನದಿಂದ ಇನ್ನೊಂದಕ್ಕೆ ದಾಟಿಸುವ ಇಂಥ ಸಂಸ್ಕಾರಕ್ಕೆ ಮೂರು ಘಟ್ಟಗಳು: ಹಳೆಯದರಿಂದ ಬಿಡುಗಡೆ, ನಡುವಿನ ಅವಸ್ಥೆ, ಹೊಸ ಸ್ಥಾನದೊಳಕ್ಕೆ ಸೇರ್ಪಡೆ. ಸೇರ್ಪಡೆಯ ದಿನವನ್ನಷ್ಟೇ ಉಳಿಸಿಕೊಂಡ ವಿಧಿ ಹೊಸ ಬಟ್ಟೆ, ಊಟ, ಫೋಟೋಗಳಲ್ಲಿ ಮುಗಿದುಹೋಗುತ್ತದೆ. ಅಂಥ ಸಮಾರಂಭಕ್ಕೆ ದೇವರು ಬೇಕೇಬೇಕೆಂದಿಲ್ಲ: ಪೂರ್ವ ಜರ್ಮನಿಯ ಸರಕಾರ 1955ರಿಂದ ಅದೇ ವಯಸ್ಸಿನವರಿಗೆ ‘ಯೂಗೆಂಡ್‌ವೈಹೆ’ ಎಂಬ ಧರ್ಮರಹಿತ ಪ್ರತಿಜ್ಞೆಯನ್ನು ಜಾರಿಗೆ ತಂದು ಸಭೆಯ ಹುಡುಗರನ್ನು ಸೆಳೆಯಿತು.

ನನ್ನ ಮಟ್ಟಿಗೆ ಬುಟ್ಸರ್ ಬಯಸಿದ್ದಕ್ಕೆ ಈಗ ಹತ್ತಿರವಿರುವುದು ಫಿನ್ಲೆಂಡಿನ ಲೂಥರನ್ ಸಭೆ. ಅಲ್ಲಿ ಹದಿನೈದರ ಹುಡುಗ ಹುಡುಗಿಯರು ಸುಮಾರು ಒಂದು ವಾರ ಮನೆ ಬಿಟ್ಟು ಬೇಸಿಗೆ ಶಿಬಿರದಲ್ಲಿ ಒಟ್ಟಿಗಿದ್ದು ಕಲಿಯುತ್ತಾರೆ. ದೃಢೀಕರಣ ಪಡೆದವರಲ್ಲಿ ಹಲವರು ತರಬೇತಿ ಪಡೆದು, ಮುಂದಿನ ತಂಡದ ಕಿರಿಯರನ್ನು ನಡೆಸಲು ಅದೇ ಶಿಬಿರಗಳಿಗೆ ಮರಳುತ್ತಾರೆ. ಇನ್ನೂ ಹದಿಹರೆಯ ದಾಟದ ಈ ಸಹಾಯಕರಿಗೆ ಅಲ್ಲಿ ‘ಇಸೊನೆನ್’ ಎನ್ನುತ್ತಾರೆ. ಆ ಪದದ ಮೂಲದಲ್ಲಿರುವುದು ‘ದೊಡ್ಡದು’ ಎಂಬ ಮಾತು.