ಸ್ತನರೋಗಕ್ಕೆ ತಂಡದ ಚಿಕಿತ್ಸೆ

ಸ್ತನದಲ್ಲಿ ಗಂಟು ಕಂಡವರ ಚಿಕಿತ್ಸೆಯನ್ನು ಒಬ್ಬರೇ ವೈದ್ಯರಿಗೆ ಬಿಡದೆ, ಸರ್ಜನ್, ಕೀಮೋ ತಜ್ಞರು, ವಿಕಿರಣ ತಜ್ಞರು, ರೇಡಿಯಾಲಜಿಸ್ಟ್, ಪೆಥಾಲಜಿಸ್ಟ್, ನರ್ಸ್ ಒಟ್ಟಿಗೆ ಕೂತು ನಿರ್ಧರಿಸುವ ಆಸ್ಪತ್ರೆ ಪದ್ಧತಿ ಇದು. ಈ ಸಭೆಗೆ ಟ್ಯೂಮರ್ ಬೋರ್ಡ್ ಎಂದು ಹೆಸರು. ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲವೇ ಅಲ್ಲ; ಫೈಬ್ರೊಅಡಿನೋಮ ಎಂಬ ನಿರಪಾಯದ ಗಡ್ಡೆ, ನೀರುಗುಳ್ಳೆ, ಬಾಣಂತಿಯರ ಕೀವು, ಅಪರೂಪಕ್ಕೆ ಕ್ಷಯ. ಕೈಪರೀಕ್ಷೆ, ಮ್ಯಾಮೊಗ್ರಾಂ ಅಥವಾ ಸ್ಕ್ಯಾನಿಂಗ್, ಸೂಜಿ ಬಯಾಪ್ಸಿ ಮೂರೂ ಒಂದನ್ನೇ ಹೇಳಬೇಕು. ಹೇಳದಿದ್ದರೆ ಮತ್ತೆ ಪರೀಕ್ಷೆ.

ಸಭೆ ಸೇರಿದ ಮಾತ್ರಕ್ಕೆ ಜೀವ ಉಳಿಯುತ್ತದೆಯೇ? ಸ್ಕಾಟ್ಲೆಂಡಿನ ಗ್ಲಾಸ್ಗೊ ಸೀಮೆಯಲ್ಲಿ 1995ರಲ್ಲಿ ಈ ಪದ್ಧತಿ ಬಂತು. ಪದ್ಧತಿ ಇಲ್ಲದ ಸುತ್ತಲ ಪ್ರದೇಶಗಳಿಗೆ ಹೋಲಿಸಿದರೆ ಅಲ್ಲಿ ಐದು ವರ್ಷದೊಳಗಿನ ಸ್ತನ ಕ್ಯಾನ್ಸರ್ ಸಾವು ಶೇ 18ರಷ್ಟು ಕಡಿಮೆ ಎಂದು 2012ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು.

ತಂಡದ ಬೆಲೆ ತಿಳಿಯುವುದು ಕತ್ತಿ ಆಡುವ ಮುಂಚೆ. ಊರಿನ ನರ್ಸಿಂಗ್ ಹೋಮಿನಲ್ಲಿ ಗಂಟನ್ನು ಅವಸರದಲ್ಲಿ ತೆಗೆಸಿಕೊಂಡು, ಆಮೇಲೆ ಕ್ಯಾನ್ಸರ್ ಆಸ್ಪತ್ರೆಗೆ ಬರುವವರು ಇದ್ದಾರೆ. ಆಗ ಬೋರ್ಡಿನ ಕೈಯಲ್ಲಿ ಉಳಿಯುವುದು ಒಂದು ಗಾಯದ ಗೆರೆ, ತೆಗೆದ ತುಂಡಿನ ಒಂದು ಬಾಟಲಿ. ತೆಗೆದ ತುಂಡನ್ನು ಒಂದು ಗಂಟೆಯೊಳಗೆ ಫಾರ್ಮಲಿನ್‌ಗೆ ಹಾಕಿ, ಕನಿಷ್ಠ 6 ಗಂಟೆ, ಹೆಚ್ಚೆಂದರೆ 72 ಗಂಟೆ ಇಡಬೇಕು. ಸಲೈನಿನಲ್ಲಿ ತೇಲಿಸಿಟ್ಟು ತಂದರೆ ಹಾರ್ಮೋನ್ ಗ್ರಾಹಕಗಳ ಪರೀಕ್ಷೆ ತಪ್ಪು ಉತ್ತರ ಕೊಡಬಹುದು. ಗ್ರಾಹಕ ಇಲ್ಲವೆಂದು ತಪ್ಪಾಗಿ ಬಂದರೆ, ವರ್ಷಗಟ್ಟಲೆ ನುಂಗಬೇಕಾದ ಅಗ್ಗದ ಟಮಾಕ್ಸಿಫೆನ್ ಮಾತ್ರೆ ಕೈತಪ್ಪಿಹೋಗುತ್ತದೆ. ಎಚ್‌ಇಆರ್2 ಎಂಬ ಪ್ರೋಟೀನ್ ಹೆಚ್ಚಾಗಿರುವ ದೊಡ್ಡ ಗಡ್ಡೆಗೆ ಮೊದಲು ಔಷಧಿ, ಆಮೇಲೆ ಆಪರೇಷನ್ ಎಂಬ ಕ್ರಮವೂ ತಪ್ಪುತ್ತದೆ. ಆ ಔಷಧಿಗಳಲ್ಲಿ ಮುಖ್ಯವಾದದ್ದು ಟ್ರಾಸ್ಟುಜುಮಾಬ್.

ಇಂಥ ತಂಡವಿರುವ ಆಸ್ಪತ್ರೆ ತಲುಪುವುದೇ ಕೆಲವು ಊರುಗಳಿಗೆ ಕಷ್ಟ. ತಮಿಳುನಾಡಿನ ತಾಳವಾಡಿ ಬೆಟ್ಟಗಳ ಗುಮಟಾಪುರ ದೀಪಾವಳಿಯ ಸಗಣಿ ಎರಚಾಟದ ಗೊರೆಹಬ್ಬಕ್ಕೆ ಹೆಸರಾದ ಕನ್ನಡದೂರು. ಈರೋಡ್ ಜಿಲ್ಲೆಯದಾದರೂ ಹತ್ತಿರದ ಪೇಟೆ ಚಾಮರಾಜನಗರ. ಈರೋಡಿಗೆ ಇಳಿಯಬೇಕೆಂದರೆ ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವುಗಳು. ರೇಷನ್ ಕಾರ್ಡು, ಸರ್ಕಾರಿ ವಿಮೆ ತಮಿಳುನಾಡಿನವು. ಬಸ್ಸು, ನೆಂಟರು, ಮಾತು ಕರ್ನಾಟಕದ ಕಡೆ. ಹೀಗಾಗಿ 1954ರಲ್ಲಿ ಶುರುವಾದ ಚೆನ್ನೈನ ಅಡಯಾರ್ ಕ್ಯಾನ್ಸರ್ ಸಂಸ್ಥೆಗಿಂತ 1973ರ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯೇ ಇಂಥ ಗಡಿಯೂರಿಗೆ ಸಮೀಪ. ತಮಿಳುನಾಡು 2023ರ ನವೆಂಬರಿನಲ್ಲಿ ನಾಲ್ಕು ಜಿಲ್ಲೆಗಳಲ್ಲಿ ಸ್ತನ, ಗರ್ಭಕಂಠ, ಬಾಯಿ ಕ್ಯಾನ್ಸರ್ ತಪಾಸಣೆ ಆರಂಭಿಸಿತು, ಈರೋಡ್ ಅವುಗಳಲ್ಲೊಂದು. ತಪಾಸಣೆಯಲ್ಲಿ ಗಂಟು ಸಿಕ್ಕಿದ ಮೇಲೆ ಯಾವ ದಾರಿ ಹಿಡಿಯಬೇಕೆಂಬುದೇ ಬೆಟ್ಟದವರ ತೊಡಕು.

ಈ ದೂರದ ಲೆಕ್ಕ ಸಭೆಯೊಳಗೂ ಬರಬೇಕು. ಸ್ತನ ಉಳಿಸುವ ಆಪರೇಷನ್ನಾದರೆ ಬಹುಪಾಲು ರೋಗಿಗಳಿಗೆ ವಿಕಿರಣ ಬೇಕೇ ಬೇಕು; ಜನರ ಬಾಯಲ್ಲಿ ಅದು ‘ಕರೆಂಟು ಕೊಡೋದು’. ಹಿಂದೆ ಐದು ವಾರ, 25 ಸಲ. ಪೇಟೆಯಲ್ಲಿ ಅಷ್ಟು ದಿನ ಉಳಿಯಲಾಗದವರು ಸ್ತನವನ್ನೇ ತೆಗೆಸಿಕೊಳ್ಳುವುದುಂಟು. ಈಗ ಮೂರು ವಾರದಲ್ಲಿ 15 ಸಲ ಸಾಕು. ಬ್ರಿಟನ್ನಿನ ಫಾಸ್ಟ್-ಫಾರ್ವರ್ಡ್ ಅಧ್ಯಯನ 2020ರಲ್ಲಿ ಆಯ್ದ ರೋಗಿಗಳಿಗೆ ಒಂದೇ ವಾರದ ಐದು ಸಲವೂ ಸಾಲುತ್ತದೆ ಎಂದಿತು.