ಪ್ರವಾಸಿ ತಾಣಗಳ ಅಭಿವೃದ್ಧಿ: ಸ್ಥಳೀಯ ಸಂಸ್ಥೆಗಳಿಗೆ ಪ್ರವಾಸೋದ್ಯಮ ಇಲಾಖೆಯ ತಾಂತ್ರಿಕ ನೆರವು (ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳು)

ದಾವಣಗೆರೆ ಜಿಲ್ಲೆಯು 1997ರ ಆಗಸ್ಟ್ 15ರಂದು ಅಸ್ತಿತ್ವಕ್ಕೆ ಬಂದಾಗ ಚನ್ನಗಿರಿ ಮತ್ತು ಹೊನ್ನಾಳಿ ತಾಲ್ಲೂಕುಗಳು ಶಿವಮೊಗ್ಗ ಜಿಲ್ಲೆಯಿಂದಲೂ, ಜಗಳೂರು ತಾಲ್ಲೂಕು ಚಿತ್ರದುರ್ಗ ಜಿಲ್ಲೆಯಿಂದಲೂ ಬಂದು ಸೇರಿದವು. ಹೊನ್ನಾಳಿಯಿಂದ ಬೇರ್ಪಟ್ಟ ನ್ಯಾಮತಿಯು 2018ರಲ್ಲಿ ಪ್ರತ್ಯೇಕ ತಾಲ್ಲೂಕಾಯಿತು. ಈ ನಾಲ್ಕು ತಾಲ್ಲೂಕುಗಳಲ್ಲಿ ಕೆರೆ, ಪುಷ್ಕರಣಿ, ನದಿತೀರ, ಯಾತ್ರಾಸ್ಥಳ ಮತ್ತು ವನ್ಯಜೀವಿಧಾಮ ಇವೆಲ್ಲವೂ ಇವೆ. ತಮ್ಮ ಊರಿನ ತಾಣಕ್ಕೆ ಮೂಲಸೌಕರ್ಯ ಒದಗಿಸಬೇಕೆಂದು ಗ್ರಾಮ ಪಂಚಾಯಿತಿಗಳು, ಪಟ್ಟಣದ ಸ್ಥಳೀಯ ಸಂಸ್ಥೆಗಳು, ಸಂಘ ಸಂಸ್ಥೆಗಳು ಹಾಗೂ ಸಾರ್ವಜನಿಕರು ಅರ್ಜಿ ಸಲ್ಲಿಸುವುದುಂಟು. ಅಂತಹ ಅರ್ಜಿಯನ್ನು ಯಾರು, ಯಾರಿಗೆ, ಯಾವ ದಾಖಲೆಗಳೊಂದಿಗೆ ಸಲ್ಲಿಸಬೇಕು ಎಂಬುದನ್ನೂ, ಸೌಲಭ್ಯ ನಿರ್ಮಾಣವಾದ ಬಳಿಕ ಅದರ ಹೊಣೆ ಯಾರದು ಎಂಬುದನ್ನೂ ಈ ಪುಟದಲ್ಲಿ ವಿವರಿಸಲಾಗಿದೆ.

ಇಲಾಖೆ ಮತ್ತು ಸ್ಥಳೀಯ ಸಂಸ್ಥೆ

ಸಂವಿಧಾನದ ಹನ್ನೊಂದನೆಯ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ಸಂಬಂಧಿಸಿದ 29 ವಿಷಯಗಳಿವೆ. ಹನ್ನೆರಡನೆಯ ಅನುಸೂಚಿಯಲ್ಲಿ ನಗರ ಸ್ಥಳೀಯ ಸಂಸ್ಥೆಗಳಿಗೆ 18 ವಿಷಯಗಳಿವೆ. ಈ ಎರಡೂ ಪಟ್ಟಿಗಳಲ್ಲಿ ‘ಪ್ರವಾಸೋದ್ಯಮ’ ಎಂಬ ಪದವೇ ಇಲ್ಲ. ಆದರೆ ಪ್ರವಾಸಿಗನು ಊರಿಗೆ ಬಂದೊಡನೆ ಕೇಳುವ ಕುಡಿಯುವ ನೀರು, ರಸ್ತೆ, ಬೀದಿದೀಪ, ನೈರ್ಮಲ್ಯ, ಸಂತೆ ಮತ್ತು ಜಾತ್ರೆಯ ವ್ಯವಸ್ಥೆ ಇವೆಲ್ಲ ಸ್ಥಳೀಯ ಸಂಸ್ಥೆಯ ಕರ್ತವ್ಯಗಳೇ ಆಗಿವೆ. ಇತ್ತ ಪ್ರವಾಸೋದ್ಯಮ ಇಲಾಖೆಯಲ್ಲಿ ಯೋಜನೆ ರೂಪಿಸುವ ಅನುಭವ ಮತ್ತು ಅನುದಾನದ ಶೀರ್ಷಿಕೆ ಇವೆ. ಗ್ರಾಮದಲ್ಲಿ ದಿನನಿತ್ಯ ಕಸ ಗುಡಿಸುವ ಸಿಬ್ಬಂದಿ ಇಲ್ಲ. ಹೀಗಾಗಿ ಒಂದು ತಾಣದ ಅಭಿವೃದ್ಧಿಯು ಇಬ್ಬರೂ ಸೇರಿ ಮಾಡತಕ್ಕ ಕಾರ್ಯವಾಗಿದೆ.

ಜಿಲ್ಲಾ ಮಟ್ಟದಲ್ಲಿ ಪ್ರವಾಸೋದ್ಯಮ ಇಲಾಖೆಯ ಕಚೇರಿಯು ಕಾರ್ಯನಿರ್ವಹಿಸುತ್ತದೆ. ಪ್ರಸ್ತಾವನೆಗಳನ್ನು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಪ್ರವಾಸೋದ್ಯಮ ಅಭಿವೃದ್ಧಿ ಸಮಿತಿಯ ಮುಂದೆ ಮಂಡಿಸಲಾಗುತ್ತದೆ. ಸ್ಥಳೀಯ ಸಂಸ್ಥೆಗೆ ದೊರೆಯುವ ನೆರವಿನಲ್ಲಿ ಮುಖ್ಯವಾದುವು: ಸ್ಥಳ ಪರಿಶೀಲನೆ, ತಾಣವನ್ನು ಪ್ರವಾಸಿ ತಾಣಗಳ ಪಟ್ಟಿಗೆ ಸೇರಿಸಲು ಶಿಫಾರಸು, ಯೋಜನಾ ವರದಿ ಹಾಗೂ ಅಂದಾಜು ಪಟ್ಟಿ ಸಿದ್ಧಪಡಿಸುವುದು, ದಾರಿಸೂಚಕ ಮತ್ತು ಮಾಹಿತಿ ಫಲಕಗಳು, ಪ್ರಚಾರ ಸಾಮಗ್ರಿ, ಮಾರ್ಗದರ್ಶಿಗಳ ತರಬೇತಿ. ಗೃಹರಕ್ಷಕ ದಳದವರಿಗೆ ತರಬೇತಿ ನೀಡಿ ಪ್ರವಾಸಿ ಮಿತ್ರರನ್ನಾಗಿ ನಿಯೋಜಿಸುವ ವ್ಯವಸ್ಥೆಯೂ ರಾಜ್ಯದಲ್ಲಿದೆ. ಕಟ್ಟಡ ಕಾಮಗಾರಿಗಳನ್ನು ಇಲಾಖೆಯು ಸಾಮಾನ್ಯವಾಗಿ ಲೋಕೋಪಯೋಗಿ ಇಲಾಖೆ, ನಿರ್ಮಿತಿ ಕೇಂದ್ರ ಮುಂತಾದ ಅನುಷ್ಠಾನ ಸಂಸ್ಥೆಗಳ ಮೂಲಕ ನಿರ್ವಹಿಸುತ್ತದೆ.

ಕೆಲವು ಸ್ಥಳೀಯ ಸಂಸ್ಥೆಗಳು ಖಾಸಗಿ ಸಲಹೆಗಾರರಿಂದ ಯೋಜನಾ ವರದಿ ಬರೆಸಿಕೊಂಡು ಬರುತ್ತವೆ. ಇದಕ್ಕೆ ಅಡ್ಡಿಯಿಲ್ಲ. ಆದರೆ ಸಲಹೆಗಾರರ ಸೇವೆಯನ್ನು ಪಡೆಯುವುದೂ ಸಂಗ್ರಹಣೆಯೇ ಆಗಿದ್ದು, ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999 ಅದಕ್ಕೂ ಅನ್ವಯಿಸುತ್ತದೆ. ಕಲಂ 4(ಜಿ) ಅಡಿಯ ವಿನಾಯಿತಿಯನ್ನು ಸರ್ಕಾರವೇ ಅಧಿಸೂಚನೆಯ ಮೂಲಕ ನೀಡಬೇಕು. ಪಂಚಾಯಿತಿಯ ಠರಾವಿನಿಂದ ಅದು ದೊರೆಯುವುದಿಲ್ಲ. ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆಗೆ ಒಳಗಾಗುವುದಕ್ಕಿಂತ ಮೊದಲೇ ಇಲಾಖೆಯ ಜಿಲ್ಲಾ ಕಚೇರಿಗೆ ಪತ್ರ ಬರೆಯುವುದು ಲೇಸು.

ಅರ್ಜಿಯ ಮಾರ್ಗ

ಸಾರ್ವಜನಿಕರು ಬಿಡಿಯಾಗಿ ಸಲ್ಲಿಸುವ ಮನವಿಗಳನ್ನೂ ಸ್ವೀಕರಿಸಲಾಗುತ್ತದೆಯಾದರೂ ಅವು ಸ್ಥಳೀಯ ಸಂಸ್ಥೆಯ ಅಭಿಪ್ರಾಯಕ್ಕಾಗಿ ಹಿಂದಿರುಗಿ ಹೋಗುತ್ತವೆ. ಆದುದರಿಂದ ಗ್ರಾಮಸ್ಥರು ಮೊದಲು ಗ್ರಾಮಸಭೆಯಲ್ಲಿ ವಿಷಯವನ್ನು ಮಂಡಿಸಿ, ಗ್ರಾಮ ಪಂಚಾಯಿತಿಯ ನಿರ್ಣಯವನ್ನು ಪಡೆಯತಕ್ಕದ್ದು. ಪಟ್ಟಣಗಳಲ್ಲಿ ಮುಖ್ಯಾಧಿಕಾರಿಗಳ ಮೂಲಕ ಸಾಮಾನ್ಯ ಸಭೆಯ ನಿರ್ಣಯ ಅಗತ್ಯ. ನಿರ್ಣಯದ ದೃಢೀಕೃತ ಪ್ರತಿ, ಜಮೀನಿನ ಪಹಣಿ, ಸರ್ವೆ ನಕ್ಷೆ, ಸ್ಥಳದ ಛಾಯಾಚಿತ್ರಗಳು ಮತ್ತು ಕೋರುವ ಸೌಲಭ್ಯದ ವಿವರವನ್ನು ಪ್ರಸ್ತಾವನೆಗೆ ಲಗತ್ತಿಸಬೇಕು.

ಪ್ರಸ್ತಾವನೆಗಳು ನಿಲ್ಲುವುದು ಹೆಚ್ಚಾಗಿ ಜಮೀನಿನ ವಿಷಯದಲ್ಲಿ. ‘ಸರ್ಕಾರಿ ಜಾಗ ಇದೆ’ ಎಂಬ ಒಂದು ಸಾಲು ಸಾಲುವುದಿಲ್ಲ. ಗೋಮಾಳ, ಅರಣ್ಯ, ಕೆರೆ ಅಂಗಳ, ದೇವಸ್ಥಾನದ ಇನಾಂ ಇವೆಲ್ಲವನ್ನೂ ಆಡುಮಾತಿನಲ್ಲಿ ಸರ್ಕಾರಿ ಜಾಗವೆಂದೇ ಕರೆಯುತ್ತಾರೆ. ಕಾನೂನಿನಲ್ಲಿ ಒಂದೊಂದರ ದಾರಿಯೂ ಬೇರೆ. ಕಂದಾಯ ಭೂಮಿಯಾದಲ್ಲಿ ಕರ್ನಾಟಕ ಭೂ ಕಂದಾಯ ಅಧಿನಿಯಮ, 1964ರ ಕಲಂ 71ರಂತೆ ಸಾರ್ವಜನಿಕ ಉದ್ದೇಶಕ್ಕೆ ಕಾಯ್ದಿರಿಸುವಂತೆ ತಹಶೀಲ್ದಾರರ ಮೂಲಕ ಜಿಲ್ಲಾಧಿಕಾರಿಗಳನ್ನು ಕೋರಬೇಕು. ಅಂದಾಜು ಪಟ್ಟಿ ಸಿದ್ಧವಾದ ಮೇಲೆ ಈ ಕೆಲಸಕ್ಕೆ ಕೈಹಾಕಿದರೆ ಆರ್ಥಿಕ ವರ್ಷ ಮುಗಿದುಹೋಗುವ ಸಂಭವವೇ ಹೆಚ್ಚು.

ತಾಣವಾರು ಗಮನಿಸಬೇಕಾದ ಅಂಶಗಳು

ಚನ್ನಗಿರಿ ತಾಲ್ಲೂಕಿನ ಸಂತೆಬೆನ್ನೂರಿನ ಪುಷ್ಕರಣಿ ಮತ್ತು ಮುಸಾಫಿರಖಾನೆಗಳು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಿತ ಸ್ಮಾರಕಗಳು. 1958ರ ಸ್ಮಾರಕ ಸಂರಕ್ಷಣಾ ಅಧಿನಿಯಮಕ್ಕೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ ಸಂರಕ್ಷಿತ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಗೆ ಮತ್ತೆ 200 ಮೀಟರ್ ನಿಯಂತ್ರಿತ ಪ್ರದೇಶ. ವಸತಿಗೃಹ, ವಾಣಿಜ್ಯ ಮಳಿಗೆಗಳಂತಹ ಹೊಸ ಕಟ್ಟಡಗಳನ್ನು ನಿಷೇಧಿತ ಪ್ರದೇಶದಲ್ಲಿ ಕೋರುವುದು ವ್ಯರ್ಥ ಪ್ರಯತ್ನ. ಆದರೆ ಇದೇ ಕಾರಣಕ್ಕೆ ಶೌಚಾಲಯವನ್ನೂ ಕಟ್ಟಲಾಗದೆಂಬ ತಿಳಿವಳಿಕೆಯು ಸರಿಯಲ್ಲ. ಸಾರ್ವಜನಿಕ ಶೌಚಾಲಯ, ಚರಂಡಿ, ಸಾರ್ವಜನಿಕ ನೀರು ಸರಬರಾಜು ಕಾಮಗಾರಿಗಳನ್ನು ಅಧಿನಿಯಮವು ‘ನಿರ್ಮಾಣ’ ಎಂಬ ಪದದ ಅರ್ಥವಿವರಣೆಯಿಂದ ಹೊರಗಿಟ್ಟಿದೆ. ಸ್ಮಾರಕದ ಆವರಣದ ಹೊರಗೆ, ಪುರಾತತ್ತ್ವ ಇಲಾಖೆಯ ಲಿಖಿತ ಅಭಿಪ್ರಾಯ ಪಡೆದು ಇಂತಹ ಸೌಲಭ್ಯವನ್ನು ಕಲ್ಪಿಸಬಹುದು. ಪುಷ್ಕರಣಿ ನೋಡಲು ಬರುವ ಶಾಲಾ ಮಕ್ಕಳ ಪ್ರವಾಸದ ಬಸ್ಸುಗಳಿಗೆ ಮೊದಲು ಬೇಕಾದದ್ದೂ ಇದೇ.

ಅದೇ ತಾಲ್ಲೂಕಿನ ಸೂಳೆಕೆರೆ ಅಥವಾ ಶಾಂತಿಸಾಗರದ ಸ್ಥಿತಿ ಬೇರೆ. ಎರಡು ಗುಡ್ಡಗಳ ನಡುವೆ ಏರಿ ಹಾಕಿ ಕಟ್ಟಿದ, ಶಾಂತವ್ವನ ಐತಿಹ್ಯದೊಂದಿಗೆ ಬೆಸೆದುಕೊಂಡ ಈ ಕೆರೆಯು ಇಂದಿಗೂ ಗದ್ದೆ ತೋಟಗಳಿಗೆ ನೀರುಣಿಸುವುದಲ್ಲದೆ ಚಿತ್ರದುರ್ಗ ನಗರಕ್ಕೂ ಕುಡಿಯುವ ನೀರಿನ ಮೂಲವಾಗಿದೆ. ಏರಿ, ತೂಬು ಮತ್ತು ಕೆರೆ ಅಂಗಳದಲ್ಲಿ ಯಾವುದೇ ಕಾಮಗಾರಿಗೆ ನೀರಾವರಿ ಅಧಿಕಾರಿಗಳ ನಿರಾಕ್ಷೇಪಣಾ ಪತ್ರ ಬೇಕು. ದೋಣಿವಿಹಾರ, ಉಪಾಹಾರ ಮಂದಿರ ಕೋರುವ ಪ್ರಸ್ತಾವನೆಯಲ್ಲಿ ತ್ಯಾಜ್ಯ ನೀರು ಎಲ್ಲಿಗೆ ಹೋಗುತ್ತದೆಂಬುದನ್ನು ನಕ್ಷೆಯಲ್ಲಿಯೇ ತೋರಿಸತಕ್ಕದ್ದು; ದಡದಲ್ಲಿ ಬಿಟ್ಟ ಕೊಳಕು ಇನ್ನೊಂದು ಊರಿನ ನಲ್ಲಿಗೆ ತಲುಪಬಾರದು. ಮಾಹಿತಿ ಫಲಕದ ವಿಷಯದಲ್ಲಿಯೂ ಒಂದು ಮಾತು: ಏಷ್ಯಾ ಖಂಡದಲ್ಲಿ ಎಷ್ಟನೆಯ ದೊಡ್ಡ ಕೆರೆ ಎಂದು ಬರೆಯುವ ಉತ್ಸಾಹ ಎಲ್ಲ ಕಡೆ ಕಾಣುತ್ತದೆ. ಕೆರೆಯ ಕಥೆ, ತೂಬಿನ ರಚನೆ, ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಬರೆದರೆ ಬಂದವರಿಗೆ ಹೆಚ್ಚು ಉಪಯೋಗವಾಗುತ್ತದೆ.

ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪವು ಸಂತ ಸೇವಾಲಾಲರ ಜನ್ಮಸ್ಥಳ. ಫೆಬ್ರುವರಿ ತಿಂಗಳ ಜಯಂತಿಯ ಸಂದರ್ಭದಲ್ಲಿ ಕರ್ನಾಟಕವಲ್ಲದೆ ನೆರೆಯ ರಾಜ್ಯಗಳ ಬಂಜಾರ ಸಮುದಾಯದ ಭಕ್ತರೂ, ಮಾಲಾಧಾರಿಗಳೂ ಇಲ್ಲಿಗೆ ಬರುತ್ತಾರೆ. ಕೆಲವೇ ದಿನಗಳಲ್ಲಿ ಒಂದು ಗ್ರಾಮವು ಹೊರಬೇಕಾದ ಭಾರವಿದು. ಇಂತಹ ಕಡೆಗಳಲ್ಲಿ ವರ್ಷವಿಡೀ ನಿಲ್ಲುವ ಕಟ್ಟಡಗಳ ಜೊತೆಗೆ ಆ ದಿನಗಳ ತಾತ್ಕಾಲಿಕ ವ್ಯವಸ್ಥೆಗೂ (ಸಂಚಾರಿ ಶೌಚಾಲಯ, ನೀರಿನ ಟ್ಯಾಂಕರ್, ವಾಹನ ನಿಲುಗಡೆ, ಬೆಳಕು) ಪ್ರತ್ಯೇಕ ಅಂದಾಜು ಮಾಡಬೇಕು. ಪಂಚಾಯಿತಿಗಳು ಮರೆಯುವ ಒಂದು ಅಧಿಕಾರವಿದೆ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ ಕಲಂ 199ರ ಅಡಿಯಲ್ಲಿ, ಜಾತ್ರೆ ಉತ್ಸವಗಳಿಗೆ ನೀರು, ಆರೋಗ್ಯ ಮತ್ತು ನೈರ್ಮಲ್ಯದ ಏರ್ಪಾಡನ್ನು ಗ್ರಾಮ ಪಂಚಾಯಿತಿಯು ಮಾಡಿದ್ದಲ್ಲಿ ಯಾತ್ರಿಕರಿಂದ ಶುಲ್ಕ ವಿಧಿಸಬಹುದು. ಸಮರ್ಪಕ ಸೌಲಭ್ಯ ಒದಗಿಸಿದ ವಾಹನ ನಿಲ್ದಾಣಗಳಿಗೂ ಶುಲ್ಕ ವಿಧಿಸಬಹುದು. ಸೌಲಭ್ಯ ಮೊದಲು, ಶುಲ್ಕ ಆಮೇಲೆ ಎಂಬುದು ಇಲ್ಲಿನ ಷರತ್ತು.

ಇದೇ ತಾಲ್ಲೂಕಿನ ತೀರ್ಥರಾಮೇಶ್ವರದಂತಹ ಬೆಟ್ಟದ ಕ್ಷೇತ್ರಗಳಲ್ಲಿ ದೇವಾಲಯ ಯಾರ ಆಡಳಿತದಲ್ಲಿದೆ, ಸುತ್ತಲಿನ ಭೂಮಿ ಅರಣ್ಯವೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ಹೊನ್ನಾಳಿಯಲ್ಲಿ ತುಂಗಭದ್ರೆಯ ದಡಕ್ಕೆ ಸಂಬಂಧಿಸಿದ ಪ್ರಸ್ತಾವನೆಗಳಿಗೆ ಪ್ರವಾಹದ ಮಟ್ಟವನ್ನು ಗುರುತಿಸಿದ ನಕ್ಷೆ ಅವಶ್ಯ.

ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ಕೊಂಡುಕುರಿ ವನ್ಯಜೀವಿಧಾಮವನ್ನು 2011ರಲ್ಲಿ ಘೋಷಿಸಲಾಯಿತು; ವಿಸ್ತೀರ್ಣ ಸುಮಾರು 77 ಚದರ ಕಿಲೋಮೀಟರ್. ನಾಲ್ಕು ಕೊಂಬಿನ ಈ ನಾಚಿಕೆ ಸ್ವಭಾವದ ಪ್ರಾಣಿಯು (ಕೊಂಬು ಇರುವುದು ಗಂಡಿಗೆ ಮಾತ್ರ) ಕುರುಚಲು ಕಾಡಿನಲ್ಲಿ ಅಡಗಿ ಬದುಕುವಂಥದ್ದು. ಬಂದವರಿಗೆಲ್ಲ ಕಂಡೇ ಕಾಣುತ್ತದೆಂದು ಪ್ರಚಾರ ಮಾಡಲಾಗದು. ಧಾಮದೊಳಗಿನ ಪ್ರವೇಶವು ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರಂತೆ ಅರಣ್ಯ ಇಲಾಖೆಯ ಅನುಮತಿಗೆ ಒಳಪಟ್ಟಿದೆ. ವಾಣಿಜ್ಯ ಉದ್ದೇಶದ ಪ್ರವಾಸಿ ವಸತಿಗೃಹವನ್ನು ಒಳಗೆ ಕಟ್ಟಲು ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಪೂರ್ವಾನುಮೋದನೆ ಬೇಕು. ಅಂಚಿನ ಗ್ರಾಮಗಳ ಪಂಚಾಯಿತಿಗಳು ಧಾಮದೊಳಗೆ ಕಟ್ಟಡ ಕೋರುವ ಬದಲು, ತಮ್ಮ ಊರಿನ ಯುವಕ ಯುವತಿಯರಿಗೆ ಮಾರ್ಗದರ್ಶಿ ತರಬೇತಿ ಮತ್ತು ಮನೆವಾಸ್ತವ್ಯದ ನೋಂದಣಿಯನ್ನು ಕೋರುವುದು ಹೆಚ್ಚು ಫಲಕಾರಿ.

ನಿರ್ವಹಣೆಯ ಲೆಕ್ಕ

ಪ್ರಸ್ತಾವನೆಗಳಲ್ಲಿ ಬಂಡವಾಳ ವೆಚ್ಚವನ್ನು ಪೈಸೆಗೆ ಸರಿಯಾಗಿ ಬರೆದಿರುತ್ತಾರೆ. ವಾರ್ಷಿಕ ನಿರ್ವಹಣಾ ವೆಚ್ಚದ ಅಂಕಣ ಖಾಲಿ ಇರುತ್ತದೆ. ಕಟ್ಟಿ ಉದ್ಘಾಟನೆಯಾದ ಬಳಿಕ ಬೀಗ ಬಿದ್ದ ಯಾತ್ರಿನಿವಾಸ, ನೀರಿಲ್ಲದ ಶೌಚಾಲಯಗಳು ನಾಡಿನಲ್ಲಿ ಅಪರೂಪವಲ್ಲ. ಕಾರಣ ಬಹುಪಾಲು ಈ ಖಾಲಿ ಅಂಕಣವೇ.

ಉದಾಹರಣೆಗಾಗಿ ಮಾತ್ರ ಒಂದು ಲೆಕ್ಕವನ್ನು ನೋಡಬಹುದು. ಒಂದು ಶೌಚಾಲಯ ಸಂಕೀರ್ಣಕ್ಕೆ ತಿಂಗಳಿಗೆ ಒಬ್ಬ ಸಿಬ್ಬಂದಿಗೆ ರೂ. 12,000, ವಿದ್ಯುತ್ ಮತ್ತು ನೀರಿಗೆ ರೂ. 2,500, ಶುಚಿತ್ವದ ಸಾಮಗ್ರಿ ಹಾಗೂ ಸಣ್ಣ ದುರಸ್ತಿಗೆ ರೂ. 1,500 ಎಂದಿಟ್ಟುಕೊಂಡರೆ ತಿಂಗಳಿಗೆ ರೂ. 16,000, ವರ್ಷಕ್ಕೆ ರೂ. 1,92,000 ಆಗುತ್ತದೆ. ಬಳಕೆಗೆ ರೂ. 5 ಶುಲ್ಕವಾದಲ್ಲಿ ವರ್ಷಕ್ಕೆ 38,400 ಮಂದಿ, ಅಂದರೆ ದಿನಕ್ಕೆ ಸುಮಾರು 105 ಮಂದಿ ಬಳಸಬೇಕು. ಜನರು ಭಾನುವಾರ ಮಾತ್ರ ಬರುವ ತಾಣವಾದರೆ ಒಂದೊಂದು ಭಾನುವಾರಕ್ಕೂ 738 ಮಂದಿ ಬೇಕಾಗುತ್ತದೆ. ಅಷ್ಟು ಜನ ಬಾರದ ಊರಿಗೆ ಶೌಚಾಲಯವೇ ಬೇಡವೆಂದು ಇದರ ಅರ್ಥವಲ್ಲ. ಕೊರತೆಯನ್ನು ಪಂಚಾಯಿತಿಯ ಯಾವ ನಿಧಿಯಿಂದ ಭರಿಸಲಾಗುವುದೆಂದು ನಿರ್ಣಯದಲ್ಲಿಯೇ ಬರೆಯಬೇಕೆಂಬುದಷ್ಟೇ ಅರ್ಥ.

ನೆರೆಯ ಕೇರಳದಲ್ಲಿ ಜಿಲ್ಲಾಧಿಕಾರಿಗಳ ನೇತೃತ್ವದ ಜಿಲ್ಲಾ ಪ್ರವಾಸೋದ್ಯಮ ಉತ್ತೇಜನ ಮಂಡಳಿಗಳು ಅನೇಕ ಸೌಲಭ್ಯಗಳನ್ನು ತಾವೇ ನಡೆಸುತ್ತವೆ. ಕುಮರಕಂನಲ್ಲಿ 2008ರಿಂದ ಗ್ರಾಮ ಪಂಚಾಯಿತಿ ಮತ್ತು ಮಹಿಳಾ ಸ್ವಸಹಾಯ ಗುಂಪುಗಳು ಸೇರಿ ಹೋಟೆಲುಗಳಿಗೆ ಸ್ಥಳೀಯ ತರಕಾರಿ ಮುಂತಾದವನ್ನು ಪೂರೈಸುವ ವ್ಯವಸ್ಥೆಯನ್ನು ರೂಪಿಸಿದವು. ನಮ್ಮಲ್ಲಿ ಕಾಮಗಾರಿ ಮುಗಿದ ಸೌಲಭ್ಯವನ್ನು ಸ್ಥಳೀಯ ಸಂಸ್ಥೆಗೆ ಹಸ್ತಾಂತರಿಸುವುದು ಹೆಚ್ಚಿನ ರೂಢಿ. ಸ್ವಸಹಾಯ ಸಂಘಕ್ಕೆ ಉಪಾಹಾರ ಮಂದಿರ ಅಥವಾ ವಾಹನ ನಿಲುಗಡೆಯ ನಿರ್ವಹಣೆಯನ್ನು ವಹಿಸುವ ಉದ್ದೇಶವಿದ್ದಲ್ಲಿ ಅದನ್ನು ಹಸ್ತಾಂತರಕ್ಕೆ ಮುನ್ನವೇ ತೀರ್ಮಾನಿಸಿಕೊಳ್ಳಬೇಕು.

ಹಸ್ತಾಂತರದ ದಿನ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಅಥವಾ ಮುಖ್ಯಾಧಿಕಾರಿಗಳು ಬೀಗದ ಕೈಗಳನ್ನು ಪಡೆದು ಸಹಿ ಮಾಡಿದರೆ ಸಾಲದು. ನೀರಿನ ಸಂಪರ್ಕ, ವಿದ್ಯುತ್ ಮೀಟರ್ ಯಾರ ಹೆಸರಿನಲ್ಲಿದೆ, ಗುತ್ತಿಗೆದಾರರ ದೋಷ ಹೊಣೆಗಾರಿಕೆಯ ಅವಧಿ ಎಂದಿಗೆ ಮುಗಿಯುತ್ತದೆ ಎಂಬುದನ್ನು ಪರಿಶೀಲಿಸಿ, ಆಸ್ತಿ ವಹಿಯಲ್ಲಿ ನಮೂದಿಸತಕ್ಕದ್ದು. ಮೀಟರ್ ಗುತ್ತಿಗೆದಾರರ ಹೆಸರಿನಲ್ಲಿಯೇ ಉಳಿದಲ್ಲಿ ಮೊದಲ ಬಾಕಿ ಬಿಲ್ಲಿಗೇ ಸಂಪರ್ಕ ಕಡಿತವಾಗಬಹುದು.

ಅರ್ಜಿಯ ಸ್ಥಿತಿ ತಿಳಿಯುವುದು

ಪ್ರಸ್ತಾವನೆ ಸಲ್ಲಿಸಿದಾಗ ಸ್ವೀಕೃತಿ ಸಂಖ್ಯೆಯನ್ನು ತಪ್ಪದೆ ಪಡೆಯಬೇಕು. ಪ್ರಸ್ತಾವನೆಯು ಹಿಂದಿರುಗಿದಲ್ಲಿ ಕಾರಣವನ್ನು ಬರವಣಿಗೆಯಲ್ಲಿ ಕೇಳುವ ಹಕ್ಕು ಅರ್ಜಿದಾರರಿಗಿದೆ. ಸಮಿತಿಯ ಸಭಾ ನಡವಳಿ, ಅಂದಾಜು ಪಟ್ಟಿ ಮತ್ತು ಹಸ್ತಾಂತರ ಪತ್ರಗಳ ಪ್ರತಿಗಳನ್ನು ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿಯಲ್ಲಿ ಯಾವುದೇ ನಾಗರಿಕರು ಕೋರಬಹುದು. ಈಗಾಗಲೇ ನಿರ್ಮಾಣಗೊಂಡು ಬಳಕೆಯಾಗದೆ ಉಳಿದ ಸೌಲಭ್ಯದ ಬಗ್ಗೆ ದೂರು ನೀಡುವವರು ಮೊದಲು ಅದು ಹಸ್ತಾಂತರವಾಗಿದೆಯೇ ಎಂಬುದನ್ನು ಗ್ರಾಮ ಪಂಚಾಯಿತಿಯ ಆಸ್ತಿ ವಹಿಯಿಂದ ತಿಳಿದುಕೊಳ್ಳಬೇಕು. ಹಸ್ತಾಂತರವಾಗಿದ್ದಲ್ಲಿ ದೂರನ್ನು ಪಂಚಾಯಿತಿಗೂ, ಆಗಿಲ್ಲದಿದ್ದಲ್ಲಿ ಪ್ರವಾಸೋದ್ಯಮ ಇಲಾಖೆಯ ಜಿಲ್ಲಾ ಕಚೇರಿಗೂ ಸಲ್ಲಿಸತಕ್ಕದ್ದು.